ನಡುವಯಸ್ಸಲ್ಲಿ ಚೆನ್ನಾಗಿ ಉಡುವುದು ಹೇಗೆ?

45 ದಾಟಿದವರ ಬೀರು ತೆಗೆದು ನೋಡಿ. ಮೇಲಿನ ಅರೆಯಲ್ಲಿ ಜರಿ ಸೀರೆಗಳು, ಒಂದೆರಡು ರೇಷ್ಮೆ ಪಂಚೆ, ಯಾರದೋ ಆರತಕ್ಷತೆಗೆ ಹೊಲಿಸಿದ ಸೂಟು. ವರ್ಷಕ್ಕೆ ನಾಲ್ಕಾರು ಸಲ ಹೊರಗೆ ಬರುವ ಬಟ್ಟೆಗಳು ಇವು. ದಿನಾ ಮೈಮೇಲೆ ಇರುವುದು ಬೇರೆ. ಬಣ್ಣ ಹೋದ ನೈಟಿ, ಅದರ ಮೇಲೊಂದು ಟವೆಲ್ಲು. ಇಲ್ಲವೇ ಮಗನ ಕಂಪನಿಯವರು ಕೊಟ್ಟ ಟೀ ಶರ್ಟು. ಮಕ್ಕಳ ಫೀಸು, ಅಪ್ಪ-ಅಮ್ಮನ ಮಾತ್ರೆ, ಮನೆ ಸಾಲದ ಕಂತು ಎಲ್ಲ ಮುಗಿಯಲಿ, ಆಮೇಲೆ ನಮ್ಮದು ನೋಡೋಣ ಅನ್ನುವ ವಯಸ್ಸು ಇದು. ಹಾಗೆ ಮುಂದೂಡುತ್ತಲೇ ಹದಿನೈದು ವರ್ಷ ಕಳೆದುಹೋಗುತ್ತದೆ.

ಚೆನ್ನಾಗಿ ಉಡುವುದಕ್ಕೂ ಚಿಕ್ಕವರ ಹಾಗೆ ಕಾಣುವುದಕ್ಕೂ ಸಂಬಂಧವಿಲ್ಲ. ಇವತ್ತು ಇರುವ ಮೈಗೆ ಸರಿಹೊಂದುವ ಬಟ್ಟೆ ಬೇಕು. ಅದು ಮಾಮೂಲಿ ಮಂಗಳವಾರಕ್ಕೂ ಬೇಕು. ಇದಕ್ಕೆ ಜಾಸ್ತಿ ದುಡ್ಡು ಬೇಡ. ಒಂದು ಇಂಚ್ ಟೇಪು, ಮಾತು ಕೇಳಿಸಿಕೊಳ್ಳುವ ಒಬ್ಬ ಟೈಲರ್, ಸ್ವಲ್ಪ ಬಿಡುವು ಇದ್ದರೆ ಸಾಕು.

1. ಹೊಸದಾಗಿ ಅಳತೆ ತೆಗೆಯಿರಿ

30 ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಮೈಯ ಸ್ನಾಯು ಶೇ 3ರಿಂದ 8ರಷ್ಟು ಕಡಿಮೆಯಾಗುತ್ತದೆ. ಹೆಣ್ಣುಮಕ್ಕಳಿಗೆ ಮುಟ್ಟು ನಿಲ್ಲುವ ಹೊತ್ತಿಗೆ ಕೊಬ್ಬು ತೊಡೆಯ ಬದಲು ಹೊಟ್ಟೆಯ ಸುತ್ತ ಸೇರತೊಡಗುತ್ತದೆ. ಭುಜ ಸ್ವಲ್ಪ ಮುಂದಕ್ಕೆ ಬಾಗುತ್ತದೆ. ತೂಕ ಒಂದು ಕಿಲೋ ಏರದಿದ್ದರೂ ಹಳೇ ಬ್ಲೌಸು ಬಿಗಿಯಾಗುವುದು ಇದರಿಂದಲೇ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮನೆಯವರ ಸಹಾಯ ತೆಗೆದುಕೊಂಡು ಭುಜ, ಎದೆ, ಹೊಕ್ಕುಳಿನ ಮಟ್ಟದಲ್ಲಿ ಹೊಟ್ಟೆ, ಸೀಟು, ಮೇಲ್ತೋಳಿನ ಸುತ್ತಳತೆ ಬರೆದಿಡಿ. ಹೊಟ್ಟೆ ಒಳಕ್ಕೆ ಎಳೆದುಕೊಳ್ಳಬೇಡಿ. ಗಂಡಸರು ಪ್ಯಾಂಟಿನ ಮೇಲಿನ ನಂಬರನ್ನು ನಂಬಬಾರದು. 34 ಎಂದು ಬರೆದಿರುತ್ತದೆ, ಬೆಲ್ಟು ಹೊಟ್ಟೆಯ ಕೆಳಗೆ ಜಾರಿರುತ್ತದೆ, ಹೊಕ್ಕುಳಿನ ಮಟ್ಟದಲ್ಲಿ ಅಳೆದರೆ 39 ಬರುತ್ತದೆ.

ಟೇಪು ಕೈಯಲ್ಲಿರುವಾಗಲೇ ಇನ್ನೊಂದು ಮಾತು. ಭಾರತೀಯ ಗಂಡಸರಿಗೆ ಹೊಟ್ಟೆಯ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಬರುವ ಸಂಭವ ಜಾಸ್ತಿ ಎಂದು ವೈದ್ಯರು ಹೇಳುತ್ತಾರೆ. ದಾಟಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಆದರೆ ತೆಳ್ಳಗಾದ ಮೇಲೆ ಒಳ್ಳೆ ಬಟ್ಟೆ ಹೊಲಿಸುತ್ತೇನೆ ಎಂದು ಮಾತ್ರ ಕಾಯಬೇಡಿ. ಈಗಿನ ಮೈಗೂ ಒಳ್ಳೆ ಬಟ್ಟೆ ಬೇಕಲ್ವಾ?

2. ಬೀರುವಿನಲ್ಲಿ ಇರುವುದನ್ನು ಹಾಕಿ ನೋಡಿ

ಕನ್ನಡಿ ಮುಂದೆ ನಿಂತು ನೋಡಿದರೆ ಸಾಲದು. ಕುರ್ಚಿಯಲ್ಲಿ ಕೂತು ನೋಡಿ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ನೋಡಿ. ಬಸ್ಸಿನಲ್ಲಿ ಕಂಬಿ ಹಿಡಿಯುವ ಹಾಗೆ ಕೈ ಎತ್ತಿ. ಗುಂಡಿಗಳ ನಡುವೆ ಬಾಯಿ ಬಿಡುತ್ತಿದೆಯಾ, ಕಂಕುಳಲ್ಲಿ ಎಳೆಯುತ್ತಿದೆಯಾ, ಎದ್ದ ಮೇಲೆ ಮತ್ತೆ ಸರಿಪಡಿಸಿಕೊಳ್ಳಬೇಕಾಗುತ್ತಿದೆಯಾ? ಹಾಗಿದ್ದರೆ ಆ ಬಟ್ಟೆ ನಿಮ್ಮದಲ್ಲ, ಅಥವಾ ಇನ್ನೂ ನಿಮ್ಮದಾಗಿಲ್ಲ.

ಹಳೇ ರೇಷ್ಮೆ ಬ್ಲೌಸುಗಳನ್ನು ಬಿಸಾಡುವ ಮೊದಲು ಒಳಗೆ ತಿರುಗಿಸಿ. ಪಕ್ಕದ ಹೊಲಿಗೆಯಲ್ಲಿ ಬಟ್ಟೆ ಮಡಿಸಿ ಬಿಟ್ಟಿರುತ್ತಾರೆ. ಅದನ್ನು ಬಿಚ್ಚಿಸಿದರೆ ಎರಡೂ ಕಡೆ ಸೇರಿ ಒಂದೆರಡು ಇಂಚು ಸಿಗುತ್ತದೆ. ಅಷ್ಟೂ ಸಾಲದಿದ್ದರೆ ಕಂಕುಳ ಕೆಳಗೆ ಅದೇ ಬಣ್ಣದ ತುಂಡು ಕೊಟ್ಟು ಹೊಲಿಯುತ್ತಾರೆ. ಕೈ ಕೆಳಗಿದ್ದಾಗ ಅದು ಕಾಣುವುದಿಲ್ಲ. ಮೇಲಿನ ಅರೆಯ ಸೀರೆಗಳನ್ನು ಮೂರ್ನಾಲ್ಕು ತಿಂಗಳಿಗೊಮ್ಮೆ ಬಿಡಿಸಿ, ಮಡಿಕೆ ಬದಲಿಸಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಜರಿ ಅಲ್ಲೇ ಸೀಳುತ್ತದೆ.

3. ಮೊದಲು ಮನೆಯ ಬಟ್ಟೆ ಬದಲಿಸಿ

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು. ದಿನದ ಹೆಚ್ಚು ಹೊತ್ತು ನಮ್ಮ ಮೈಮೇಲೆ ಇರುವುದು ಮನೆಯ ಬಟ್ಟೆ. ತರಕಾರಿ ಗಾಡಿ, ಕೊರಿಯರ್, ಪಕ್ಕದ ಮನೆಯವರು, ಮಕ್ಕಳು, ಎಲ್ಲರೂ ನಮ್ಮನ್ನು ಅದರಲ್ಲೇ ನೋಡುತ್ತಾರೆ. ನಾವೂ ನಮ್ಮನ್ನು ಅದರಲ್ಲೇ ನೋಡಿಕೊಳ್ಳುತ್ತೇವೆ. ಮನೆ ಬಟ್ಟೆಗೆ ಖರ್ಚು ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಮನೆಯಲ್ಲಿ ಇರುವವರೂ ನೀವೇ.

ನೈಟಿಯ ಮೇಲೆ ನನಗೇನೂ ಸಿಟ್ಟಿಲ್ಲ. ಒಳ್ಳೆಯ ಹತ್ತಿಯದು, ಭುಜ ಸರಿಯಾಗಿ ಕೂರುವುದು, ಜೇಬು ಇರುವುದು ತೆಗೆದುಕೊಳ್ಳಿ. ಮೊಣಕಾಲು ದಾಟುವ ಕಾಟನ್ ಕುರ್ತಾ, ಸಡಿಲ ಪ್ಯಾಂಟು ಇನ್ನೂ ಅನುಕೂಲ. ಮುಟ್ಟು ನಿಲ್ಲುವ ಹೊತ್ತಿನಲ್ಲಿ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವವರಿಗೆ ಪಾಲಿಯೆಸ್ಟರ್ ಹಿಂಸೆ. ಹತ್ತಿ ಬೆವರು ಹೀರಿಕೊಳ್ಳುತ್ತದೆ. ಗಂಡಸರಿಗೆ ಅರ್ಧ ತೋಳಿನ ಕಾಟನ್ ಶರ್ಟು, ಪಂಚೆ ಅಥವಾ ಸೊಂಟದಲ್ಲಿ ದಾರವಿರುವ ಕಾಟನ್ ಪ್ಯಾಂಟು ಸಾಕು. ಮೂರು ಜೊತೆ ಇದ್ದರೆ ವಾರ ನಡೆಯುತ್ತದೆ.

ಹೊರಗೆ ಹೊರಡುವಾಗ ಊರಿನ ಹವೆಯನ್ನೂ ನೋಡಿ. ನಮ್ಮ ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಜನವರಿಯ ಬೆಳಗ್ಗೆ 15 ಡಿಗ್ರಿ ಹತ್ತಿರ, ಏಪ್ರಿಲ್ ಮಧ್ಯಾಹ್ನ 34ರ ಹತ್ತಿರ. ಆಫೀಸು, ಮೆಟ್ರೊ ಒಳಗೆ ಏಸಿ ಬೇರೆ. ಹಾಗಾಗಿ ಒಂದು ದಪ್ಪ ಬಟ್ಟೆಗಿಂತ, ತೆಗೆದು ಮಡಿಸಿ ಬ್ಯಾಗಿಗೆ ಹಾಕಬಹುದಾದ ಶಾಲು ಅಥವಾ ತೋಳಿಲ್ಲದ ಖಾದಿ ಜಾಕೀಟು ಒಳ್ಳೆಯದು.

4. ಬಟ್ಟೆ ಆರಿಸುವಾಗ ಬಾಗಿಲ ಬೆಳಕಿಗೆ ಬನ್ನಿ

ಚಿಕ್ಕಪೇಟೆಯ ಅಂಗಡಿಯ ಹಾಸಿನ ಮೇಲೆ ಕೂತಾಗ ಎಲ್ಲ ಸೀರೆಯೂ ಚೆಂದವೇ. ತಲೆಯ ಮೇಲೆ ಅಷ್ಟು ದೀಪ ಉರಿಯುತ್ತಿರುತ್ತದೆ. ಇಷ್ಟವಾದದ್ದನ್ನು ಎತ್ತಿಕೊಂಡು ಬಾಗಿಲ ಹತ್ತಿರ ಹೋಗಿ, ಗಲ್ಲದ ಕೆಳಗೆ ಹಿಡಿಯಿರಿ. ಕೇಳಿದರೆ ಅಂಗಡಿಯವರು ಬೇಡ ಅನ್ನುವುದಿಲ್ಲ. ಹಗಲ ಬೆಳಕಲ್ಲಿ ಮೊದಲು ಮುಖ ಕಂಡರೆ ಆ ಬಣ್ಣ ನಿಮ್ಮದು. ಮೊದಲು ಸೀರೆ ಕಂಡು, ಕಣ್ಣಿನ ಕೆಳಗಿನ ಕಪ್ಪು ಎದ್ದು ಬಂದರೆ ಬಿಟ್ಟುಬಿಡಿ. ವಯಸ್ಸಾಗುತ್ತಾ ಕೂದಲು, ಹುಬ್ಬು, ಚರ್ಮದ ಬಣ್ಣ ಬದಲಾಗುತ್ತವೆ. ಮದುವೆಯ ಕಾಲದಲ್ಲಿ ಒಪ್ಪುತ್ತಿದ್ದ ಬಣ್ಣ ಈಗ ಒಪ್ಪದೇ ಇರಬಹುದು.

ಹಾಗೆಂದು ವಯಸ್ಸಾದವರಿಗೆ ಬೂದು, ಮಣ್ಣಿನ ಬಣ್ಣವೇ ಸರಿ ಎಂಬ ಮಾತನ್ನು ಒಪ್ಪಬೇಡಿ. ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳಿಗೆ ಕೆಂಪು, ಹಸಿರು ಬೇಡ ಎನ್ನುವ ಮನೆಗಳು ಈ ಊರಿನಲ್ಲಿ ಈಗಲೂ ಇವೆ. ಅದು ನಿಲ್ಲಬೇಕು. ಅಮ್ಮನಿಗೋ ಅತ್ತಿಗೆಗೋ ಸೀರೆ ಕೊಡುವಾಗ ಅವರಿಗೆ ಇಷ್ಟವಾದ ಬಣ್ಣ ಕೇಳಿ ತನ್ನಿ. ಆ ಮಾತು ಶುರುವಾಗಲು ಅಷ್ಟು ಸಾಕು.

ಬಟ್ಟೆ ಮೈಮೇಲೆ ಹೇಗೆ ಬೀಳುತ್ತದೆ ಅನ್ನುವುದು ಬಣ್ಣದಷ್ಟೇ ಮುಖ್ಯ. ಮೈಸೂರು ಸಿಲ್ಕ್ ಕ್ರೇಪ್ ಬಟ್ಟೆ. ನೆರಿಗೆ ನೇರ ಇಳಿಯುತ್ತದೆ, ಸೊಂಟದ ಹತ್ತಿರ ಉಬ್ಬುವುದಿಲ್ಲ. ಅದನ್ನು ನೇಯುವ ಮೈಸೂರಿನ ಕಾರ್ಖಾನೆ 1912ರಲ್ಲಿ ಶುರುವಾಯಿತು. ಈಗ ರಾಜ್ಯ ಸರ್ಕಾರದ ರೇಷ್ಮೆ ಉದ್ಯಮಗಳ ನಿಗಮ, ಅಂದರೆ ಕೆಎಸ್ಐಸಿ, ನಡೆಸುತ್ತದೆ. ಒಂದು ಸೀರೆಗೆ ಬೆಲೆ ಜಾಸ್ತಿಯೇ, ಆದರೆ ಸಾದಾ ಅಂಚಿನದು ಕೊಂಡರೆ ಆಫೀಸಿಗೂ ಉಡಬಹುದು. ಇಳಕಲ್ ಸೀರೆಯ ಕೆಂಪು ಸೆರಗು ಮುಖಕ್ಕೆ ಕಳೆ ಕೊಡುತ್ತದೆ. ಉಡುಪಿ ಕೈಮಗ್ಗದ ಸೀರೆ ಹಗುರ, ಬೇಸಿಗೆಗೆ ಹೇಳಿ ಮಾಡಿಸಿದ್ದು. ಗಂಜಿ ಹಾಕಿದ ಕಾಟನ್ ಮಾತ್ರ ಹೊಟ್ಟೆಯ ಮುಂದೆ ನಿಂತುಬಿಡುತ್ತದೆ. ಗಂಜಿ ತೆಳ್ಳಗೆ ಮಾಡಿ, ನೆರಿಗೆ ಸಣ್ಣದಾಗಿ ಹಿಡಿಯಿರಿ. ತುಂಬ ಹೊಳೆಯುವ ಸ್ಯಾಟಿನ್ ಪ್ರತಿ ಮಡಿಕೆಯನ್ನೂ ತೋರಿಸುತ್ತದೆ. ನಾನಂತೂ ಅದನ್ನು ಕೊಳ್ಳಿ ಎಂದು ಯಾರಿಗೂ ಹೇಳುವುದಿಲ್ಲ.

ಕೈಮಗ್ಗದ್ದು ಬೇಕಿದ್ದರೆ ರಾಜ್ಯ ಕೈಮಗ್ಗ ನಿಗಮದ ಪ್ರಿಯದರ್ಶಿನಿ ಮಳಿಗೆಗಳಿವೆ. ಬೇರೆ ಅಂಗಡಿಯಲ್ಲಿ ರೇಷ್ಮೆ ಕೊಳ್ಳುವಾಗ, ಅಸಲಿ ರೇಷ್ಮೆ ಎಂದು ತೋರಿಸುವ ಸಿಲ್ಕ್ ಮಾರ್ಕ್ ಚೀಟಿ ನೋಡಿ. ಆ ಗುರುತಿನ ಹಿಂದಿರುವ ಕೇಂದ್ರ ರೇಷ್ಮೆ ಮಂಡಳಿಯ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ.

5. ಟೈಲರ್ ಹತ್ತಿರ ಹೋಗಲು ಆಷಾಢ ಒಳ್ಳೆಯ ಕಾಲ

ಆಷಾಢದಲ್ಲಿ ಮದುವೆಗಳಿಲ್ಲ. ಅಂಗಡಿಗಳಲ್ಲಿ ರಿಯಾಯಿತಿ ಇರುತ್ತದೆ, ಟೈಲರ್‌ಗೂ ಬಿಡುವು ಇರುತ್ತದೆ. ಗೌರಿ ಹಬ್ಬ ಹತ್ತಿರ ಬಂದ ಮೇಲೆ ಹೋದರೆ ಅವರಿಗೆ ನಿಮ್ಮ ಮಾತು ಕೇಳಲೂ ಪುರುಸೊತ್ತಿರುವುದಿಲ್ಲ.

ಅಳತೆ ಬ್ಲೌಸ್ ಎಂದು ಹತ್ತು ವರ್ಷದ ಹಿಂದಿನದನ್ನು ಕೊಟ್ಟು ಬರಬೇಡಿ. ಆ ಬ್ಲೌಸಿನಲ್ಲಿ ಇರುವುದು ಹತ್ತು ವರ್ಷದ ಹಿಂದಿನ ಮೈ. ಮೈ ಅಳತೆಯನ್ನೇ ಕೊಡಿ. ಕೊಡುವ ದಿನ ಒಳ್ಳೆಯ ಬ್ರಾ ಹಾಕಿಕೊಂಡು ಹೋಗಿ. ಸಡಿಲಗೊಂಡ ಬ್ರಾ ಮೇಲೆ ತೆಗೆದ ಅಳತೆಯಲ್ಲಿ ಎಷ್ಟು ಚೆನ್ನಾಗಿ ಹೊಲಿದರೂ ಟಕ್ಸ್ (ಎದೆಯ ಆಕಾರಕ್ಕೆ ಹಿಡಿಯುವ ಮಡಿಕೆ ಹೊಲಿಗೆ) ಸರಿಯಾದ ಜಾಗಕ್ಕೆ ಬರುವುದಿಲ್ಲ. ತೋಳು ಎಲ್ಲಿ ನಿಲ್ಲಬೇಕು ಎಂದು ಬೆರಳಿಟ್ಟು ತೋರಿಸಿ. ಮೇಲ್ತೋಳಿನ ಅತಿ ದಪ್ಪ ಭಾಗದಲ್ಲಿ ತೋಳು ಮುಗಿದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಮೊಣಕೈ ಹತ್ತಿರದವರೆಗೆ ಇಳಿಸಿದರೆ ಚೆಂದ. ಬೆನ್ನು ಜಾಸ್ತಿ ಇಳಿಸಬೇಕೋ ಬೇಡವೋ ನಿಮ್ಮ ಇಷ್ಟ. ಆದರೆ ಭುಜ ಬಾಗಿದವರಿಗೆ ತುಂಬ ಅಗಲದ ಕೊರಳು ಜಾರುತ್ತಿರುತ್ತದೆ, ಹಿಂದೆ ದಾರ ಹಾಕಿಸಿ. ಪಕ್ಕದಲ್ಲಿ ಒಂದೊಂದು ಇಂಚು ಬಟ್ಟೆ ಬಿಡಲು ಹೇಳಿ. ಮುಂದೆ ಅದೇ ಕೈಹಿಡಿಯುತ್ತದೆ.

ಶರ್ಟು, ಜುಬ್ಬ, ಕುರ್ತಾ ಯಾವುದಾದರೂ ಮೊದಲು ಭುಜ ನೋಡಿ. ತೋಳಿನ ಹೊಲಿಗೆ ಭುಜದ ಮೂಳೆಯ ತುದಿಯಲ್ಲಿ ಕೂರಬೇಕು. ರೆಡಿಮೇಡ್ ಕೊಂಡು ಸೊಂಟ, ಉದ್ದ, ತೋಳು ಸರಿಮಾಡಿಸುವುದು ಸುಲಭ. ಭುಜ ಬಿಚ್ಚಿ ಹೊಲಿಯುವುದು ಕಷ್ಟ, ದುಬಾರಿ. ಹೊಟ್ಟೆಗೆ ಸರಿಹೋಗಲಿ ಎಂದು ಎರಡು ಸೈಜು ದೊಡ್ಡ ಶರ್ಟು ತೆಗೆದುಕೊಂಡವರ ಭುಜ ಮೊಣಕೈ ಕಡೆಗೆ ಇಳಿದು, ಇಡೀ ಮನುಷ್ಯ ಸೋತ ಹಾಗೆ ಕಾಣುತ್ತಾರೆ. ಹೊಲಿಸಿಕೊಂಡರೆ ಈ ತಾಪತ್ರಯವೇ ಇಲ್ಲ. ಭುಜಕ್ಕೆ ಒಂದು ಅಳತೆ, ಹೊಟ್ಟೆಗೆ ಇನ್ನೊಂದು.

ಪ್ಯಾಂಟು ಹೊಟ್ಟೆಯ ಕೆಳಗೆ ಜಾರುವವರು ಸೊಂಟಪಟ್ಟಿಯನ್ನು ಹೊಕ್ಕುಳಿನ ಹತ್ತಿರಕ್ಕೆ ಏರಿಸಿ, ಮುಂದೆ ಒಂದೊಂದು ಪ್ಲೀಟ್ ಕೊಡಿಸಿ. ಕೂತಾಗ ಉಸಿರಾಡಲು ಜಾಗ ಸಿಗುತ್ತದೆ, ಕಾಲೂ ಉದ್ದವಾಗಿ ಕಾಣುತ್ತದೆ. ಜೀನ್ಸ್ ಹಾಕಬಹುದಾ ಎಂದು ಕೇಳುವ 55ರ ಅಮ್ಮಂದಿರಿದ್ದಾರೆ. ಖಂಡಿತ ಹಾಕಿ. ಸೊಂಟಕ್ಕೆ ಸರಿಯಾಗಿ ಏರುವುದು, ಹರಿದಿಲ್ಲದ್ದು, ಗಾಢ ನೀಲಿಯದು ಆರಿಸಿ, ಮೇಲೊಂದು ಖಾದಿ ಕುರ್ತಾ.

ಹೊಲಿದು ಬಂದ ಬಟ್ಟೆಯನ್ನು ಅಂಗಡಿಯಲ್ಲೇ ಹಾಕಿ, ಕೂತು, ಕೈ ಎತ್ತಿ ನೋಡಿ. ಸರಿಯಿಲ್ಲದಿದ್ದರೆ ಸಂಕೋಚವಿಲ್ಲದೆ ಅಲ್ಲೇ ವಾಪಸ್ ಕೊಡಿ.

6. ಕಾಲು, ಕನ್ನಡಕ, ಕೂದಲು

ವಯಸ್ಸಾದಂತೆ ಪಾದ ಚಪ್ಪಟೆಯಾಗಿ ಅಗಲವಾಗುತ್ತದೆ. ಹಳೇ ನಂಬರಿನ ಚಪ್ಪಲಿ ಕಚ್ಚುವುದು ಅದಕ್ಕೇ. ಪಾದ ಸ್ವಲ್ಪ ಊದಿರುವ ಸಂಜೆ ಹೊತ್ತು ಹೋಗಿ, ಎರಡೂ ಕಾಲಿಗೆ ಹಾಕಿ ನಡೆದು ನೋಡಿ. ನಮ್ಮ ಫುಟ್‌ಪಾತಿಗೆ ಜಾರದ ಅಟ್ಟೆ ಬೇಕೇ ಬೇಕು. ರೇಷ್ಮೆ ಸೀರೆಯ ಕೆಳಗೂ ಹಿಮ್ಮಡಿ ಬೆಲ್ಟಿನ ಮೆತ್ತನೆಯ ಚಪ್ಪಲಿ ಚೆನ್ನಾಗೇ ಕಾಣುತ್ತದೆ.

ಚಾಳೀಸು ಬಂದಿದ್ದರೆ ಕನ್ನಡಕದ ಫ್ರೇಮಿಗೆ ಒಡವೆಗೆ ಕೊಡುವಷ್ಟೇ ಗಮನ ಕೊಡಿ. ಎದುರಿನವರು ಮೊದಲು ನೋಡುವುದು ಅದನ್ನೇ.

ಕೂದಲಿಗೆ ಬಣ್ಣ ಹಾಕುವವರು ಪ್ರತಿ ಸಲ ಸ್ವಲ್ಪ ಬಣ್ಣವನ್ನು ಕಿವಿಯ ಹಿಂದೆ ಹಚ್ಚಿ 48 ಗಂಟೆ ಕಾಯಬೇಕು. ಬಹಳಷ್ಟು ಕಪ್ಪು ಬಣ್ಣಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ವರ್ಷಗಟ್ಟಲೆ ಸುಮ್ಮನಿದ್ದು ಒಮ್ಮೆಲೇ ಅಲರ್ಜಿ ಮಾಡಬಹುದು. ಬಣ್ಣ ನಿಲ್ಲಿಸಬೇಕು ಅಂದುಕೊಂಡವರಿಗೆ ಸ್ವಲ್ಪ ತಾಳ್ಮೆ ಬೇಕು. ಕೂದಲು ತಿಂಗಳಿಗೆ ಅರ್ಧ ಇಂಚಿನಷ್ಟು ಮಾತ್ರ ಬೆಳೆಯುತ್ತದೆ. ಚಿಕ್ಕದಾಗಿ ಕತ್ತರಿಸಿಕೊಂಡರೆ ಎರಡು ಬಣ್ಣದ ಕಾಲ ಬೇಗ ಮುಗಿಯುತ್ತದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಬಿಳಿ ಕೂದಲು ಹಳದಿಗೆ ತಿರುಗುವುದುಂಟು. ಕೊನೆಯ ಸಲ ತೊಳೆಯಲು ಕುಡಿಯುವ ನೀರು ಬಳಸಿ ನೋಡಿ. ಪೂರ್ತಿ ಬೆಳ್ಳಗಾದ ಮೇಲೆ ಬಣ್ಣಗಳನ್ನು ಮತ್ತೊಮ್ಮೆ ಮುಖದ ಹತ್ತಿರ ಹಿಡಿದು ನೋಡಿ. ಮೊದಲು ಒಪ್ಪದಿದ್ದ ಗಾಢ ನೀಲಿ, ರಾಣಿ ಬಣ್ಣ ಈಗ ಒಪ್ಪಬಹುದು.