ಟಿಕೆಟ್ ಕೊಂಡ ಕಾರ್ಡಿನಿಂದ ಹಣ ಹೋದಾಗ ಮಾಡಬೇಕಾದ್ದೇನು?

ವಿಜಯನಗರದಲ್ಲಿರುವ ನಮ್ಮ ಅತ್ತಿಗೆ ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ಸಿಂಗಪುರಕ್ಕೆ ಹೊರಟಿದ್ದರು. ಅಲ್ಲಿ ನೋಡಬೇಕಾದ ಸ್ಥಳವೊಂದರ ನಾಲ್ಕು ಟಿಕೆಟ್‌ಗಳನ್ನು ವಿದೇಶಿ ಜಾಲತಾಣದಲ್ಲಿ ಕ್ರೆಡಿಟ್ ಕಾರ್ಡ್ ಬಳಸಿ ಕೊಂಡರು. ಟಿಕೆಟ್ ಸರಿಯಾಗಿಯೇ ಇಮೇಲ್‌ಗೆ ಬಂತು. ಹತ್ತೊಂಬತ್ತು ದಿನ ಕಳೆದ ಮೇಲೆ, ಒಂದು ಗುರುವಾರ ಬೆಳಗಿನ ಜಾವ 1.40ಕ್ಕೆ 84 ರೂಪಾಯಿ ಖರ್ಚಾದ ಸಂದೇಶ, 1.52ಕ್ಕೆ 31,460 ರೂಪಾಯಿಯದು, ಅದರ ಬೆನ್ನಿಗೇ ಅಷ್ಟೇ ಮೊತ್ತದ ಇನ್ನೊಂದು ಬಂದವು. ಒಟಿಪಿ ಬಂದೇ ಇರಲಿಲ್ಲ. ಅತ್ತಿಗೆ ಎರಡು ದಿನ ಟಿಕೆಟ್ ಮಾರಿದವರಿಗೆ ಇಮೇಲ್ ಬರೆಯುತ್ತ ಉತ್ತರಕ್ಕೆ ಕಾದರು. ಕಾರ್ಡ್ ಮಾತ್ರ ಚಾಲ್ತಿಯಲ್ಲೇ ಇತ್ತು. ಶುಕ್ರವಾರ ಸಂಜೆ ಮತ್ತೆ 12,900 ರೂಪಾಯಿ ಹೋಯಿತು.

ಶನಿವಾರ ನಾನು ಅವರ ಮನೆಗೆ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, "ನಾನು ಯಾರಿಗೂ ಒಟಿಪಿ ಹೇಳಿಲ್ಲ, ಹಣ ಹೇಗೆ ಹೋಯಿತು?" ಎಂಬುದು. ಭಾರತದ ಮಾರಾಟಗಾರರಿಗೆ ಆನ್‌ಲೈನ್‌ನಲ್ಲಿ ಕಾರ್ಡಿನಿಂದ ಪಾವತಿ ಮಾಡುವಾಗ ಒಟಿಪಿಯಂತಹ ಎರಡನೇ ಹಂತದ ದೃಢೀಕರಣವನ್ನು ರಿಸರ್ವ್ ಬ್ಯಾಂಕ್ 2009ರಿಂದಲೇ ಕಡ್ಡಾಯಗೊಳಿಸುತ್ತ ಬಂದಿದೆ. ವಿದೇಶಿ ತಾಣಗಳಲ್ಲಿ ಮಾತ್ರ ಕಾರ್ಡಿನ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಮತ್ತು ಹಿಂಬದಿಯ ಮೂರಂಕಿಯ ಸಿವಿವಿ ಗೊತ್ತಿದ್ದರೆ ಎಷ್ಟೋ ಕಡೆ ಪಾವತಿ ನಡೆದುಹೋಗುತ್ತದೆ. ಈ ವಿವರಗಳು ಸೋರಲು ಗ್ರಾಹಕರು ತಪ್ಪು ಮಾಡಿರಬೇಕೆಂದೇನೂ ಇಲ್ಲ. 2018ರಲ್ಲಿ ಬ್ರಿಟನ್ನಿನ ಟಿಕೆಟ್‌ಮಾಸ್ಟರ್ ತಾಣದಲ್ಲಿ ಹೀಗೆಯೇ ಆಯಿತು. ಪಾವತಿ ಪುಟದಲ್ಲಿ ಅಳವಡಿಸಿದ್ದ, ಬೇರೊಂದು ಕಂಪನಿ ತಯಾರಿಸಿದ ಚಾಟ್‌ಬಾಟ್‌ನೊಳಗೆ (ಗ್ರಾಹಕರ ಪ್ರಶ್ನೆಗೆ ತಾನಾಗಿ ಉತ್ತರಿಸುವ ತಂತ್ರಾಂಶ) ಕಳ್ಳರು ತಮ್ಮ ಕಂಪ್ಯೂಟರ್ ಕೋಡ್ ಸೇರಿಸಿ, ಜನ ಟೈಪ್ ಮಾಡುತ್ತಿದ್ದ ಕಾರ್ಡ್ ವಿವರಗಳನ್ನು ಕದ್ದರು. ಒಂದೇ ಬ್ಯಾಂಕಿನ 60 ಸಾವಿರ ಕಾರ್ಡುಗಳಲ್ಲಿ ವಂಚನೆ ಕಂಡುಬಂತು. ಜನರ ಖಾಸಗಿ ಮಾಹಿತಿಯ ರಕ್ಷಣೆ ನೋಡಿಕೊಳ್ಳುವ ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ 2020ರಲ್ಲಿ ಆ ಕಂಪನಿಗೆ 12.5 ಲಕ್ಷ ಪೌಂಡ್ ದಂಡ ವಿಧಿಸಿತು. ಅತ್ತಿಗೆಯ ಕಾರ್ಡಿನ ವಿವರ ಆ ಟಿಕೆಟ್ ತಾಣದಿಂದಲೇ ಹೋಯಿತೆನ್ನಲು ನಮ್ಮ ಬಳಿ ಪುರಾವೆಯಿಲ್ಲ, ಅದನ್ನು ಪತ್ತೆ ಹಚ್ಚುವುದು ಗ್ರಾಹಕರ ಕೆಲಸವೂ ಅಲ್ಲ. ಆ 84 ರೂಪಾಯಿಯ ಅರ್ಥ ಮಾತ್ರ ತಿಳಿದಿರಬೇಕು. ಕದ್ದ ಕಾರ್ಡ್ ಇನ್ನೂ ನಡೆಯುತ್ತದೆಯೇ ಎಂದು ಚಿಕ್ಕ ಮೊತ್ತ ಹಾಕಿ ನೋಡುವುದು ವಂಚಕರ ರೂಢಿ. ಆದ್ದರಿಂದ ನೀವು ಮಾಡದ ಖರ್ಚು ಹತ್ತೇ ರೂಪಾಯಿಯಾಗಿದ್ದರೂ ಅದನ್ನು ದೊಡ್ಡ ಮೊತ್ತದಷ್ಟೇ ಗಂಭೀರವಾಗಿ ನೋಡಿ.

ಮೊದಲ ಕೆಲಸ ಕಾರ್ಡ್ ಬ್ಲಾಕ್ ಮಾಡುವುದು. ಬ್ಯಾಂಕಿನ ಆ್ಯಪ್‌ನಲ್ಲಿ ಇದು ಒಂದೆರಡು ನಿಮಿಷದ ಕೆಲಸ; ಆ್ಯಪ್ ಇಲ್ಲದವರು ಕಾರ್ಡಿನ ಹಿಂಬದಿಯಲ್ಲಿ ಮುದ್ರಿಸಿರುವ ಸಂಖ್ಯೆಗೆ ಕರೆ ಮಾಡಬೇಕು. ಗ್ರಾಹಕ ಸೇವೆಯ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕಬೇಡಿ, ಏಕೆಂದರೆ ಅಲ್ಲಿ ನಕಲಿ ಸಂಖ್ಯೆಗಳನ್ನು ಹರಿಯಬಿಟ್ಟು ಕಾಯುವವರಿದ್ದಾರೆ. ಬ್ಲಾಕ್ ಆದ ದೃಢೀಕರಣ ಸಂದೇಶವನ್ನೂ ದೂರಿನ ಸಂಖ್ಯೆಯನ್ನೂ ಸಮಯದ ಸಮೇತ ಕಾಗದದಲ್ಲಿ ಬರೆದಿಡಿ. ಅತ್ತಿಗೆ ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ "ಶನಿ, 11.25, ಬ್ಲಾಕ್" ಎಂದು ಬರೆದುಕೊಂಡರು, ಮುಂದೆ ಬ್ಯಾಂಕಿನೊಂದಿಗೆ ವಾದ ಬಂದಾಗ ಕೈಗೆ ಬಂದದ್ದು ಆ ಪುಟವೇ.

ಅದಾದ ಕೂಡಲೇ 1930ಕ್ಕೆ ಕರೆ ಮಾಡಬೇಕು. ಇದು ಸೈಬರ್ ಹಣಕಾಸು ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ದೂರು ಬೇಗ ದಾಖಲಾದಷ್ಟೂ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿಯೂ ದೂರು ಕೊಡಬಹುದು. ದೊಡ್ಡ ಮೊತ್ತವಾದರೆ ಬೆಂಗಳೂರಿನಲ್ಲಿ ನಿಮ್ಮ ವಿಭಾಗದ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಸಂದೇಶಗಳ ಸ್ಕ್ರೀನ್‌ಶಾಟ್, ಕಾರ್ಡಿನ ಸ್ಟೇಟ್‌ಮೆಂಟ್ ಮತ್ತು ದೂರಿನ ಸ್ವೀಕೃತಿ ಸಂಖ್ಯೆಯೊಂದಿಗೆ ಹೋಗಿ. ಕೃತ್ಯ ಎಲ್ಲಿಯೇ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ದಾಖಲಿಸಲು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಅವಕಾಶ ಕೊಟ್ಟಿದೆ.

ಮೂರನೆಯದು ಬ್ಯಾಂಕಿಗೆ ಲಿಖಿತ ದೂರು. ಹೆಚ್ಚಿನವರು ಫೋನಿನಲ್ಲಿ ಹೇಳಿಯಾಯಿತೆಂದು ಸುಮ್ಮನಾಗುವುದು ಇಲ್ಲಿಯೇ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ನಿಮ್ಮದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಮೂರನೆಯವರ ಕಡೆಯಿಂದ ವಂಚನೆಯಾಗಿದ್ದು, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ನೀವು ತಿಳಿಸಿದ್ದರೆ ನಿಮ್ಮ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನವಾದರೆ, ಮಿತಿ 5 ಲಕ್ಷದವರೆಗಿನ ಕ್ರೆಡಿಟ್ ಕಾರ್ಡಿಗೆ ಗರಿಷ್ಠ 10,000 ರೂಪಾಯಿ, ಅದಕ್ಕಿಂತ ಹೆಚ್ಚಿನ ಮಿತಿಯ ಕಾರ್ಡಿಗೆ ಗರಿಷ್ಠ 25,000 ರೂಪಾಯಿ ನಿಮ್ಮ ಪಾಲಿಗೆ ಬರಬಹುದು. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ನೀತಿಯೇ ಗತಿ. ಸಂದೇಶ ಬಂದ ದಿನವನ್ನು ಬಿಟ್ಟು, ನಿಮ್ಮ ಶಾಖೆಯ ಕೆಲಸದ ದಿನಗಳನ್ನು ಮಾತ್ರ ಎಣಿಸಬೇಕು. ಅತ್ತಿಗೆಗೆ ಸಂದೇಶ ಬಂದದ್ದು ಗುರುವಾರ. ಶುಕ್ರವಾರ ಒಂದು, ಎರಡನೇ ಶನಿವಾರ ಮತ್ತು ಭಾನುವಾರ ರಜೆ, ಸೋಮವಾರ ಎರಡು, ಮಂಗಳವಾರ ಮೂರು. ಎರಡು ದಿನ ಕಳೆದುಕೊಂಡಿದ್ದರೂ ಅವರು ಗಡುವಿನೊಳಗೇ ಇದ್ದರು. ಹಾಗೆಂದು ಮಂಗಳವಾರದವರೆಗೆ ಕಾಯುವ ಧೈರ್ಯ ಯಾರೂ ಮಾಡಬಾರದು.

ದೂರಿನಲ್ಲಿ ಕಥೆ ಬೇಡ. ದಿನಾಂಕ, ಸಮಯ, ಮೊತ್ತ ಮತ್ತು ಸಂದೇಶದಲ್ಲಿರುವ ಮಾರಾಟಗಾರನ ಹೆಸರನ್ನು ಬರೆದು, "ಈ ವಹಿವಾಟುಗಳನ್ನು ನಾನು ಮಾಡಿಲ್ಲ, ಕಾರ್ಡ್ ನನ್ನ ಬಳಿಯೇ ಇದೆ, ಒಟಿಪಿಯನ್ನಾಗಲಿ ಸಿವಿವಿಯನ್ನಾಗಲಿ ಯಾರಿಗೂ ತಿಳಿಸಿಲ್ಲ" ಎಂದು, ಅದು ನಿಜವಾಗಿದ್ದರೆ ಮಾತ್ರ, ಸ್ಪಷ್ಟವಾಗಿ ಹೇಳಿ. ನೀವೇ ವಿವರ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ನಿಮ್ಮದೇ. ಆದರೆ ಗ್ರಾಹಕರದೇ ತಪ್ಪು ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ಇಲ್ಲಿ ಇನ್ನೊಂದು ಗೊಂದಲವನ್ನು ಬಿಡಿಸಬೇಕು. ಚಿನ್ನಸ್ವಾಮಿ ಕ್ರೀಡಾಂಗಣದ ಪಂದ್ಯಕ್ಕೆಂದು ನಕಲಿ ತಾಣದಲ್ಲಿ ನೀವೇ ಒಟಿಪಿ ಹಾಕಿ ಹಣ ಕಟ್ಟಿ, ಟಿಕೆಟ್ ಬಾರದೆ ಹೋದರೆ ಅದು ಅನಧಿಕೃತ ವಹಿವಾಟಲ್ಲ. ಅಲ್ಲಿ "ಹಣ ಕಟ್ಟಿದೆ, ಟಿಕೆಟ್ ಬಂದಿಲ್ಲ" ಎಂದು ಬರೆದು ಚಾರ್ಜ್‌ಬ್ಯಾಕ್, ಅಂದರೆ ಮಾರಾಟಗಾರನಿಗೆ ಹೋದ ಹಣವನ್ನು ಬ್ಯಾಂಕಿನ ಮೂಲಕ ವಾಪಸ್ ಪಡೆಯುವ ಕ್ರಮ, ಕೇಳಬೇಕು. ಒಂದರ ಬದಲು ಇನ್ನೊಂದನ್ನು ಬರೆದರೆ ದೂರು ತಿರಸ್ಕೃತವಾಗಲು ನೀವೇ ದಾರಿ ಮಾಡಿಕೊಟ್ಟಂತೆ.

ತಿಳಿಸಿದ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕ್ ಆ ಮೊತ್ತವನ್ನು ತಾತ್ಕಾಲಿಕವಾಗಿ ಜಮೆ ಮಾಡಬೇಕು. ಇದನ್ನು ಶ್ಯಾಡೋ ಕ್ರೆಡಿಟ್ ಎನ್ನುತ್ತಾರೆ. ದೂರು 90 ದಿನಗಳೊಳಗೆ ಇತ್ಯರ್ಥವಾಗಬೇಕು. ಅಷ್ಟರಲ್ಲಿ ಬಿಲ್ ಬಂದರೆ ಸಿಟ್ಟಿನಿಂದ ಪೂರ್ತಿ ಬಿಲ್ಲನ್ನೇ ಬಾಕಿ ಇಡಬೇಡಿ. ನೀವು ನಿಜವಾಗಿ ಖರ್ಚು ಮಾಡಿದ್ದನ್ನು ಕಟ್ಟಿ, ವಂಚನೆಯೆಂದು ದೂರಿದ ಮೊತ್ತದ ಮೇಲೆ ಇತ್ಯರ್ಥವಾಗುವವರೆಗೆ ಯಾವ ಶುಲ್ಕವನ್ನೂ ಹಾಕಬಾರದೆಂಬ ರಿಸರ್ವ್ ಬ್ಯಾಂಕಿನ ನಿರ್ದೇಶನವನ್ನು ಉಲ್ಲೇಖಿಸಿ ಬ್ಯಾಂಕಿಗೆ ಬರೆಯಿರಿ. 30 ದಿನವಾದರೂ ಬ್ಯಾಂಕ್ ಉತ್ತರಿಸದಿದ್ದರೆ, ಇಲ್ಲವೇ ಉತ್ತರ ಸಮಾಧಾನ ತರದಿದ್ದರೆ, ಬ್ಯಾಂಕುಗಳ ಮೇಲಿನ ಗ್ರಾಹಕರ ದೂರುಗಳನ್ನು ಇತ್ಯರ್ಥಪಡಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಈ ದಿನಗಳಲ್ಲಿ "ನಿಮ್ಮ ರೀಫಂಡ್ ಸಿದ್ಧವಾಗಿದೆ" ಎಂಬ ಕರೆಯೂ ಬರಬಹುದು. ಅತ್ತಿಗೆಗೆ ನಾಲ್ಕನೇ ದಿನ ಬಂತು, ಮೊಬೈಲ್ ಪರದೆಯನ್ನು ತೋರಿಸುವ ಆ್ಯಪ್ ಹಾಕಿಕೊಳ್ಳಲು ಹೇಳಿದರು. ಹಣ ಕಳೆದುಕೊಂಡ ಆತಂಕದಲ್ಲಿರುವವರನ್ನು ಮತ್ತೊಮ್ಮೆ ದೋಚುವ ಈ ಕ್ರೌರ್ಯ ನನಗೆ ಮೊದಲ ಕಳ್ಳತನಕ್ಕಿಂತ ಹೆಚ್ಚು ಸಂಕಟ ತಂದಿದೆ. ಬ್ಯಾಂಕ್ ಹಣ ಮರಳಿಸಲು ನಿಮ್ಮಿಂದ ಒಟಿಪಿಯನ್ನು ಎಂದೂ ಕೇಳುವುದಿಲ್ಲ.

ಅತ್ತಿಗೆಯ ಕಾರ್ಡಿಗೆ ಒಂಬತ್ತನೇ ಕೆಲಸದ ದಿನ ನಾಲ್ಕೂ ಮೊತ್ತ ಜಮೆಯಾದವು, ಎರಡು ತಿಂಗಳ ನಂತರ ಅವು ಕಾಯಂ ಆದವು. ಹೊಸ ಕಾರ್ಡ್ ಬಂದ ದಿನವೇ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ವಹಿವಾಟಿನ ಗುಂಡಿಯನ್ನು ಆಫ್ ಮಾಡಿಸಿದೆ. ಈ ಸೌಲಭ್ಯವನ್ನು ಎಲ್ಲ ಬ್ಯಾಂಕುಗಳೂ ಕೊಡಲೇಬೇಕು. ವಿದೇಶಿ ಟಿಕೆಟ್ ಕೊಳ್ಳುವಾಗ ಮಾತ್ರ ಆನ್ ಮಾಡಿ, ಮಿತಿಯನ್ನು ಟಿಕೆಟ್ ದರಕ್ಕಿಂತ ತುಸು ಮೇಲಿಟ್ಟು, ಕೆಲಸ ಮುಗಿದೊಡನೆ ಆಫ್ ಮಾಡಿದರಾಯಿತು. ಹಳೆಯ ಕಾರ್ಡಿಗೆ ಜೋಡಿಸಿದ್ದ ಸ್ವಯಂಚಾಲಿತ ಪಾವತಿಗಳನ್ನು ಹೊಸ ಕಾರ್ಡಿಗೆ ಮತ್ತೆ ನೋಂದಾಯಿಸುವುದೂ ನೆನಪಿರಲಿ. ಅದನ್ನು ನಾವಿಬ್ಬರೂ ಮರೆತು, ಅವರ ಮನೆಯ ಕರೆಂಟ್ ಬಿಲ್ ಆ ತಿಂಗಳು ಬಾಕಿ ಉಳಿಯಿತು.