ಮೋವಾನಲುವಾ ಫ್ರೀವೇ: ಯಾವಾಗ ಹತ್ತಬೇಕು, ಯಾವಾಗ ಬೇಡ

ಹವಾಯಿಯ ಓವಾಹು ದ್ವೀಪದಲ್ಲಿ ಕಾರು ಬಾಡಿಗೆಗೆ ತಗೊಂಡಿದ್ದೀರಾ? ಹಾಗಾದರೆ ಈ ಪುಟ್ಟ ರಸ್ತೆಯನ್ನು ಮೊದಲೇ ತಿಳಿದುಕೊಂಡಿರಿ. ಬರೀ 4.1 ಮೈಲಿ, ಅಂದರೆ ಸುಮಾರು ಆರೂವರೆ ಕಿಲೋಮೀಟರ್. ಬೋರ್ಡಿನಲ್ಲಿ ಎಚ್-201 ಅಂತಿರುತ್ತದೆ, ಆದರೆ ಆ ನಂಬರ್ ಬಂದಿದ್ದು 2004ರಲ್ಲಿ. ಅದಕ್ಕೂ ಮುಂಚೆ 78 ಅಂತಿತ್ತು. ದಾರಿ ಕೇಳುವಾಗ ನಂಬರ್ ಬಿಟ್ಟು 'ಮೋವಾನಲುವಾ' ಅನ್ನಿ, ಥಟ್ಟನೆ ಅರ್ಥವಾಗುತ್ತದೆ. ಸುತ್ತಲೂ ಸಮುದ್ರ ಇರುವ ರಾಜ್ಯದಲ್ಲಿ ಇದನ್ನೂ ಇಂಟರ್‌ಸ್ಟೇಟ್ (ಅಂದರೆ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಹೆದ್ದಾರಿ) ಅಂತಾರೆ, ಮಜಾ ಅಲ್ವಾ!

ಪ್ರವಾಸಿಗರು ಹೆಚ್ಚಾಗಿ ಉಳಿದುಕೊಳ್ಳುವ ವೈಕಿಕಿಯಿಂದ ಎಚ್-1 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟರೆ ಮಿಡಲ್ ಸ್ಟ್ರೀಟ್ ಹತ್ತಿರ ರಸ್ತೆ ಕವಲಾಗುತ್ತದೆ. ಎಚ್-1 ಸಮುದ್ರದ ಕಡೆ ಬಳಸಿಕೊಂಡು ಏರ್‌ಪೋರ್ಟ್ ಮೇಲೆ ಹೋಗುತ್ತದೆ, ಮೋವಾನಲುವಾ ಗುಡ್ಡದ ಕಡೆಯಿಂದ ಹೋಗುತ್ತದೆ, ಹಾಲವಾದಲ್ಲಿ ಎರಡೂ ಮತ್ತೆ ಸೇರುತ್ತವೆ. ಏರ್‌ಪೋರ್ಟ್‌ಗೆ ಹೋಗಬೇಕಾದರೆ ಎಚ್-1 ಬಿಡಬೇಡಿ. ಐಯೇಯಾ ಊರಿಗೆ ಅಥವಾ ಬೆಟ್ಟ ಕೊರೆದು ಹೋಗುವ ಎಚ್-3 ಹೆದ್ದಾರಿಗೆ ಹೋಗಬೇಕಾದರೆ ಮೋವಾನಲುವಾ ಹಿಡಿಯಿರಿ. ನಾನು ಮೊದಲ ಸಲ ಮಾತಾಡ್ತಾ ಮಾತಾಡ್ತಾ ಬೋರ್ಡ್ ನೋಡದೆ, ಐಯೇಯಾ ಬದಲು ಯಾರನ್ನೋ ಕರ್ಕೊಂಡು ಬರಲು ಬಂದವನ ಹಾಗೆ ಏರ್‌ಪೋರ್ಟ್ ಮುಂದೆ ಹೋಗಿ ನಿಂತಿದ್ದೆ! ಅದಕ್ಕೇ ಕವಲು ಬರುವ ಮುಂಚೆಯೇ ನಿಮ್ಮ ಲೇನ್‌ಗೆ ಬಂದುಬಿಡಿ. ಅಲ್ಲಿ ಬಲಗಡೆ ಗಾಡಿ ಓಡಿಸಬೇಕು, ದೂರ, ವೇಗ ಎರಡೂ ಮೈಲಿಯಲ್ಲಿ. ಗೊತ್ತಿದ್ದರೂ ಮರೆತುಹೋಗುತ್ತದೆ.

ಬೆಳಿಗ್ಗೆ ಹೊನೊಲುಲು ಊರೊಳಗೆ ಬರುವವರ ಗತಿ ಬೇರೆ. ಮಿಡಲ್ ಸ್ಟ್ರೀಟ್‌ನಲ್ಲಿ ಎರಡು ರಸ್ತೆಯ ಗಾಡಿಗಳೂ ಒಂದೇ ಕಡೆ ನುಗ್ಗುತ್ತವೆ, ಸಿಲ್ಕ್ ಬೋರ್ಡ್ ನೆನಪಾಗುತ್ತದೆ. ಆ ಹೊತ್ತಿಗೆ ಮೋವಾನಲುವಾನೇ ಹತ್ತಿರದ ದಾರಿ ಅಂತ ಸುಮ್ನೆ ನುಗ್ಗಬೇಡಿ, ಫೋನಿನಲ್ಲಿ ಟ್ರಾಫಿಕ್ ನೋಡಿ ಹೊರಡಿ.

ದಾರಿಯಲ್ಲಿ ಗುಡ್ಡದ ಮೇಲೆ ಗುಲಾಬಿ ಬಣ್ಣದ ದೊಡ್ಡ ಕಟ್ಟಡ ಕಂಡರೆ ಅದು ಟ್ರಿಪ್ಲರ್, ಮಿಲಿಟರಿ ಆಸ್ಪತ್ರೆ. ಅಲ್ಲಿಗೆ ತಿರುಗಿಸಿದರೆ ಸಿಗೋದು ಕಾವಲಿನ ಗೇಟು, ಅಷ್ಟೇ. ನಿಲ್ಲಿಸಲೇಬೇಕು ಅನಿಸಿದರೆ ಮೋವಾನಲುವಾ ಗಾರ್ಡನ್ಸ್‌ಗೆ ಹೋಗಿ, ಟಿಕೆಟ್ ಇದೆ. ಹಿಟಾಚಿ ಕಂಪನಿ 1973ರಿಂದ ಜಾಹೀರಾತಿನಲ್ಲಿ ತೋರಿಸುವ ಮರ ಇಲ್ಲಿದೆ. ಕೊಡೆ ಬಿಡಿಸಿಟ್ಟ ಹಾಗೆ, ಎತ್ತರಕ್ಕಿಂತ ಅಗಲವೇ ಜಾಸ್ತಿ. ಹತ್ತಿರ ಹೋದರೆ ಗೊತ್ತಾಗುತ್ತದೆ, ಬೆಂಗಳೂರಿನ ರಸ್ತೆ ಬದಿಯ ಮಳೆ ಮರವೇ ಇದು! ಕೆಳಗೆ ಕೂತು ತಿಂಡಿ ತಿನ್ನಿ. ಆದರೆ ಪಶ್ಚಿಮಕ್ಕೆ ಹೋಗುವವರು ಆಫೀಸು ಬಿಡುವ ಮುಂಚೆ ಎದ್ದು ಫ್ರೀವೇ ಹತ್ತಿಬಿಡಿ.