ಒಂದು ವ್ಯಾನು, ಮೂರು ಕಾಯಿಲೆ: ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಜೊತೆ ನನ್ನ ಒಂದು ಮಳೆಗಾಲ

ನಮ್ಮ ವ್ಯಾನು 2016ರ ಮಾಡೆಲ್. ಪೆಟ್ರೋಲ್, ಏಳು ಸೀಟು, ನಾಲ್ಕು ಗೇರಿನ ಆಟೋಮ್ಯಾಟಿಕ್. ಎಎಂಟಿ (ಮ್ಯಾನುಯಲ್ ಗೇರನ್ನೇ ಯಂತ್ರ ಬದಲಾಯಿಸುವುದು) ಅಲ್ಲ, ಸಿವಿಟಿಯೂ (ಬೇರೆ ಬೇರೆ ಗೇರಿಲ್ಲದೆ ಬೆಲ್ಟಿನಲ್ಲಿ ಓಡುವುದು) ಅಲ್ಲ, ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಹಳೇ ನಮೂನೆಯದು. 2021ರಲ್ಲಿ ಮಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಎಡ ಮೊಣಕಾಲಿನ ಆಪರೇಷನ್ ಆದ ಮೇಲೆ ಕ್ಲಚ್ ತುಳಿಯುವುದು ನನಗೆ ಕಷ್ಟ, ಹಾಗಾಗಿ ಆಟೋಮ್ಯಾಟಿಕ್ಕೇ ಬೇಕಿತ್ತು. ಕರ್ನಾಟಕ-ಕೇರಳ ಗಡಿಯಲ್ಲಿ ಇರುವವರ ಮಾಮೂಲಿ ಕೆಲಸ ಒಂದಿರುತ್ತದಲ್ಲ, ಆ ಕಡೆಯಿಂದ ಎನ್‌ಒಸಿ ತಂದು, ಈ ಕಡೆ ಟ್ಯಾಕ್ಸ್ ಕಟ್ಟಿ ಕೆಎ 19 ನಂಬರ್ ಇದ್ದದ್ದನ್ನು ಕೆಎಲ್ 14 ಮಾಡಿಸುವುದು, ಅದೂ ಮುಗಿಯಿತು. ಮೂರು ವರ್ಷ ಒಂದು ತಕರಾರಿಲ್ಲದೆ ಓಡಿತು.

ನನ್ನದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಪಂಪು ರಿಪೇರಿ, ಮೋಟರ್ ವೈಂಡಿಂಗ್ ಅಂಗಡಿ. ಮೀಟರ್ ಹಿಡಿದು ವಯರ್ ಹುಡುಕುವುದು ದಿನಾ ಮಾಡುವ ಕೆಲಸ. ಗೇರ್‌ಬಾಕ್ಸ್ ಮಾತ್ರ ಗೊತ್ತಿರಲಿಲ್ಲ. ಕಳೆದ ವರ್ಷ ಜೂನಿನಲ್ಲಿ ಮೀಟರ್ 92,000 ಕಿಲೋಮೀಟರ್ ತೋರಿಸುವಾಗ ಶುರುವಾಯಿತು.

ಬೆಳಿಗ್ಗೆ ರಿವರ್ಸ್ ಹಾಕಿದರೆ ಎರಡು ಮೂರು ಸೆಕೆಂಡ್ ಏನೂ ಆಗುವುದಿಲ್ಲ, ಆಮೇಲೆ ಧಡ್ ಅಂತ ಹಿಡಿಯುತ್ತದೆ. ಅಮ್ಮನನ್ನು ಮಂಗಳೂರಿಗೆ ಚೆಕಪ್‌ಗೆ ಕರೆದುಕೊಂಡು ಹೋಗುವಾಗ ಹೈವೇಯಲ್ಲಿ 60ರ ಸ್ಪೀಡಿನಲ್ಲಿ ಇಡೀ ವ್ಯಾನು ಜುಮ್ಮಂತ ನಡುಗುತ್ತದೆ. ಕೊನೆಗೆ ಒಂದು ಸಂಜೆ, ಜೋರು ಮಳೆ, ಕುಂಬಳೆಯಿಂದ ಬರುವಾಗ ಸೀತಾಂಗೋಳಿ ದಾಟಿದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಗೇರ್ ತೋರಿಸುವ ಅಕ್ಷರವೇ ಮಾಯ. ಓವರ್‌ಡ್ರೈವ್ ಆಫ್ (O/D OFF) ಅನ್ನುವ ಲೈಟ್ ಮಿಣುಕುತ್ತಿದೆ. ಏರಿನಲ್ಲಿ ಎಳೆಯುವುದೇ ಇಲ್ಲ, ಒಂದೇ ಗೇರಿನಲ್ಲಿ ನಿಂತ ಹಾಗೆ. ನೀರ್ಚಾಲಿನಲ್ಲಿ ಆಫ್ ಮಾಡಿ ಮತ್ತೆ ಕೀ ತಿರುಗಿಸಿದರೆ ಸ್ಟಾರ್ಟರ್ ಸದ್ದೇ ಇಲ್ಲ. ಗೇರ್ ಲಿವರನ್ನು ಪಿಯಿಂದ (ಪಾರ್ಕಿಂಗ್) ಎನ್‌ಗೆ (ನ್ಯೂಟ್ರಲ್) ತಂದು ಮತ್ತೆ ತಿರುಗಿಸಿದೆ. ಕೂಡಲೇ ಸ್ಟಾರ್ಟ್ ಆಯಿತು.

ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮರುದಿನ ತೋರಿಸಿದ ವರ್ಕ್‌ಶಾಪಿನಲ್ಲಿ ಒಂದು ಸುತ್ತು ಓಡಿಸಿ, ಗೇರ್‌ಬಾಕ್ಸ್ ಹೋಗಿದೆ, ಬೇರೆಯದೇ ಹಾಕಬೇಕು, 1,40,000 ರೂಪಾಯಿ ಆಗುತ್ತದೆ ಅಂದರು. ಆಯಿಲ್ ಎಷ್ಟಿದೆ ಅಂತ ತೋರಿಸುವ ಡಿಪ್‌ಸ್ಟಿಕ್ ಕಡ್ಡಿಯನ್ನೂ ಎಳೆದು ನೋಡಲಿಲ್ಲ. ನನಗೆ ಅದು ಸರಿ ಕಾಣಲಿಲ್ಲ. ಪಂಪು ಓಡುವುದಿಲ್ಲ ಅಂತ ತಂದವರಿಗೆ ಫ್ಯೂಸ್ ನೋಡದೆ ಮೋಟರ್ ಸುಟ್ಟಿದೆ ಅಂತ ಹೇಳಿದ ಹಾಗಾಯಿತು ಅಲ್ವಾ?

ವ್ಯಾನು ಮನೆಗೆ ತಂದೆ. ಎರಡು ವಾರ ಬೇರೇನೂ ಮಾಡದೆ ಬರೀ ಬರೆದಿಟ್ಟೆ. ಎಂಜಿನ್ ತಣ್ಣಗೆ ಇತ್ತಾ ಬಿಸಿ ಇತ್ತಾ, ಮಳೆ ಇತ್ತಾ ಇಲ್ಲವಾ, ಏರಾ ಸಪಾಟಾ, ಸ್ಪೀಡ್ ಎಷ್ಟು. ಅಂಗಡಿಯ ಬಿಲ್ ಪುಸ್ತಕದ ಹಿಂಬದಿಯಲ್ಲಿ ಎರಡು ಪುಟ ತುಂಬಿತು. ಓದಿ ನೋಡಿದರೆ ವಿಷಯ ತಾನೇ ಬಿಚ್ಚಿಕೊಂಡಿತು. ಗೇರ್ ಹಿಡಿಯಲು ತಡ ಆಗುವುದು ತಣ್ಣಗಿದ್ದಾಗ ಮಾತ್ರ. ನಡುಕ ಬರುವುದು ಬಿಸಿಯಾದ ಮೇಲೆ ಮಾತ್ರ. ಅಕ್ಷರ ಮಾಯ ಆಗುವುದು ಮಳೆಗೆ ಅಥವಾ ರಸ್ತೆಯಲ್ಲಿ ನಿಂತ ನೀರು ದಾಟಿದ ಮೇಲೆ ಮಾತ್ರ. ಇದು ಒಂದು ಕಾಯಿಲೆ ಅಲ್ಲ, ಮೂರು. ಮೂರನ್ನೂ ಒಟ್ಟು ಕಟ್ಟಿ 'ಗೇರ್‌ಬಾಕ್ಸ್ ಹೋಗಿದೆ' ಅಂದರೆ ಯಾವುದೂ ಸಿಗುವುದಿಲ್ಲ.

ಮೊದಲು ಆಯಿಲ್ ನೋಡಿದೆ. ಈ ಗೇರ್‌ಬಾಕ್ಸಿನಲ್ಲಿ ಆಯಿಲ್ ಬರೀ ಸವೆತ ತಡೆಯುವುದಕ್ಕೆ ಇರುವುದಲ್ಲ. ಕನ್ವರ್ಟರಿನೊಳಗೆ ಎಂಜಿನ್ನಿನ ಶಕ್ತಿಯನ್ನು ದಾಟಿಸುವುದು ಅದೇ, ಒಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದೂ ಅದೇ. ಅರ್ಧ ಲೀಟರ್ ಕಮ್ಮಿಯಾದರೂ ಪಂಪು ಗಾಳಿ ಎಳೆಯಬಹುದು. ಕೆರೆಯಲ್ಲಿ ನೀರು ಇಳಿದು ಪಂಪಿನ ಪೈಪಿನ ತುದಿಯ ಫುಟ್‌ವಾಲ್ವ್ ನೀರಿನಿಂದ ಮೇಲೆ ಬಂದಾಗ ಆಗುವುದೇ ಇಲ್ಲಿಯೂ ಆಗುವುದು.

ನೋಡುವುದಕ್ಕೆ ಒಂದು ಕ್ರಮ ಇದೆ. ಎಂಜಿನ್ ಆಯಿಲ್ ನೋಡಿದ ಹಾಗೆ ಆಫ್ ಮಾಡಿ ನೋಡಿದರೆ ಲೆಕ್ಕ ತಪ್ಪುತ್ತದೆ. ಕುಂಬಳೆಗೆ ಹೋಗಿ ಬಂದು ಚೆನ್ನಾಗಿ ಬಿಸಿ ಮಾಡಿದೆ. ಅಡಿಕೆ ಒಣಗಿಸುವ ಅಂಗಳ ಸಪಾಟಾಗಿದೆ, ಅಲ್ಲಿ ನಿಲ್ಲಿಸಿದೆ. ಎಂಜಿನ್ ಓಡುತ್ತಲೇ ಇರಲಿ. ಬ್ರೇಕ್ ಒತ್ತಿ ಹಿಡಿದು ಲಿವರನ್ನು ಪಿ, ಆರ್ (ರಿವರ್ಸ್), ಎನ್, ಡಿ (ಡ್ರೈವ್), 2, ಎಲ್ (ಲೋ) ಅಂತ ಒಂದೊಂದರಲ್ಲೂ ಮೂರು ಮೂರು ಸೆಕೆಂಡ್ ನಿಲ್ಲಿಸಿ ಪಿಗೆ ವಾಪಸ್ ತಂದೆ. ಆಮೇಲೆ ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಪೂರ್ತಿ ಒಳಗೆ ಹಾಕಿ ಎಳೆದೆ. ಒರೆಸಲು ಹಳೇ ಪಂಚೆಯ ತುಂಡು ಒಳ್ಳೆಯದು. ಕಾಟನ್ ವೇಸ್ಟ್ ಬೇಡ, ಅದರ ಒಂದು ನೂಲು ಒಳಗೆ ಹೋದರೂ ವಾಲ್ವಿನಲ್ಲಿ ಸಿಕ್ಕಿಕೊಳ್ಳಬಹುದು.

ಆಯಿಲ್ ಡಿಪ್‌ಸ್ಟಿಕ್ಕಿನ ಬಿಸಿ ಗುರುತಿನ ಕೆಳಗಿನ ಗೆರೆಗಿಂತಲೂ ಕೆಳಗೆ ಇತ್ತು. ಹೊಸ ಆಯಿಲ್ ಪುನರ್ಪುಳಿ ಶರಬತ್ತಿನ ಹಾಗೆ ಕೆಂಪಗೆ, ಬೆಳಕಿಗೆ ಹಿಡಿದರೆ ಆಚೆ ಕಾಣುವಂತೆ ಇರುತ್ತದೆ. ನಮ್ಮದು ಕಣ್ಣ ಚಾದ (ಹಾಲು ಹಾಕದ ಚಾ) ಬಣ್ಣಕ್ಕೆ ಬಂದಿತ್ತು. ಸ್ವಲ್ಪ ಸುಟ್ಟ ವಾಸನೆ ಇತ್ತು, ಆದರೆ ಕಪ್ಪಾಗಿರಲಿಲ್ಲ. ಗುಲಾಬಿ ಬಣ್ಣದ ಮಜ್ಜಿಗೆಯ ಹಾಗೆ ಇದ್ದಿದ್ದರೆ ರೇಡಿಯೇಟರಿನ ನೀರು ಸೇರಿದೆ ಅಂತ ಅರ್ಥ. ಹಾಗೆ ಕಂಡರೆ ವ್ಯಾನು ಒಂದು ಮಾರು ಕೂಡ ಓಡಿಸಬಾರದು.

ಕಮ್ಮಿಯಾದ ಆಯಿಲ್ ಎಲ್ಲಿಗೆ ಹೋಯಿತು? ಕೆಳಗೆ ರಟ್ಟು ಹಾಸಿ ಇಡೀ ರಾತ್ರಿ ಬಿಟ್ಟೆ. ಬೆಳಿಗ್ಗೆ ಕಾಸಿನಗಲದ ಒಂದು ಕಲೆ. ಗೇರ್‌ಬಾಕ್ಸಿನಿಂದ ಆಯಿಲ್ ತಣಿಸುವ ಕೂಲರಿಗೆ ಹೋಗುವ ರಬ್ಬರ್ ಪೈಪು ಗಟ್ಟಿಯಾಗಿ ಕ್ಲಿಪ್ಪಿನ ಬಳಿ ಒದ್ದೆಯಾಗಿತ್ತು. ಎರಡೂ ಪೈಪು, ಕ್ಲಿಪ್ಪು ಬದಲಾಯಿಸಿದೆ, 450 ರೂಪಾಯಿ. ಆಯಿಲ್ ಗುರುತಿಗೆ ತಂದ ದಿನದಿಂದ ಬೆಳಗಿನ ತಡ ಒಂದು ಸೆಕೆಂಡಿಗೆ ಇಳಿಯಿತು. ಮೊದಲ ಕಾಯಿಲೆಯ ಕಥೆ ಇಷ್ಟೇ. ಧಡ್ ಅನ್ನುವ ಪೆಟ್ಟು ಮಾತ್ರ ಸ್ವಲ್ಪ ಉಳಿದಿತ್ತು, ಅದು ಗೇರ್‌ಬಾಕ್ಸಿನದ್ದೇ ಅಲ್ಲ, ಎಂಜಿನ್ನನ್ನು ಹಿಡಿದಿರುವ ಮೌಂಟಿನ ರಬ್ಬರ್ ಹರಿದದ್ದು. ಅದನ್ನು ಆಮೇಲೆ ಹಾಕಿಸಿದೆ.

ಮಳೆಯ ಕಾಯಿಲೆ ನನಗೆ ಹತ್ತಿರದ್ದು, ಏಕೆಂದರೆ ಅದು ಕರೆಂಟಿನದ್ದು. ವ್ಯಾನಿನ ಕಂಪ್ಯೂಟರ್ ಬರೆದಿಟ್ಟ ದೂರಿನ ಕೋಡ್ ಓದುವ 900 ರೂಪಾಯಿಯ ಬ್ಲೂಟೂತ್ ಸ್ಕ್ಯಾನರ್ ತರಿಸಿ ಸ್ಟೀರಿಂಗಿನ ಅಡಿಯ 16 ಪಿನ್ನಿನ ಪೋರ್ಟಿಗೆ ಚುಚ್ಚಿದೆ. ಎರಡು ಕೋಡ್ ಬಂತು, ಪಿ0700 ಮತ್ತು ಪಿ0705. ಮೊದಲನೆಯದು ಗೇರ್‌ಬಾಕ್ಸ್ ಕಡೆ ಏನೋ ದೂರು ಇದೆ ಅನ್ನುವುದಷ್ಟೇ. ಅದನ್ನೇ ನೋಡಿ ಗೇರ್‌ಬಾಕ್ಸ್ ಇಳಿಸಲು ಹೇಳುವವರಿದ್ದಾರೆ. ಎರಡನೆಯದು ನಿಜವಾದ ಮಾತು: ಲಿವರ್ ಎಲ್ಲಿದೆ ಅಂತ ಕಂಪ್ಯೂಟರಿಗೆ ತಿಳಿಸುವ ಸ್ವಿಚ್ಚಿನ ಸರ್ಕ್ಯೂಟ್ ಸರಿ ಇಲ್ಲ. ಪಿಯಲ್ಲಿ ಸ್ಟಾರ್ಟ್ ಆಗದೆ ಎನ್‌ನಲ್ಲಿ ಆದದ್ದು ಇದಕ್ಕೇ. ಸ್ಟಾರ್ಟರಿಗೆ ಅಪ್ಪಣೆ ಕೊಡುವುದೂ ಅದೇ ಸ್ವಿಚ್ಚು. ಅದು ಉತ್ತರ ಕೊಡದಿದ್ದರೆ ಕಂಪ್ಯೂಟರ್ ಗೇರ್ ಬದಲಾಯಿಸುವುದನ್ನು ಬಿಟ್ಟು, ಹಾನಿ ಆಗದಿರಲಿ ಅಂತ ಒಂದೇ ಗೇರಿನಲ್ಲಿ ನಿಲ್ಲುತ್ತದೆ.

ಏರ್ ಫಿಲ್ಟರ್ ಡಬ್ಬ ತೆಗೆದರೆ ಗೇರ್‌ಬಾಕ್ಸಿನ ಮೈಮೇಲೆಯೇ ಸ್ವಿಚ್ಚು ಕಾಣುತ್ತದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕನೆಕ್ಟರ್ ಎಳೆದೆ. ಒಳಗೆ ಎರಡು ಹನಿ ನೀರು. ಪಿನ್ನುಗಳ ಬುಡದಲ್ಲಿ ಹಸಿರು ಹುಡಿ, ತಾಮ್ರದ ಚೊಂಬಿನಲ್ಲಿ ಹುಳಿ ಇಟ್ಟರೆ ಬರುವಂಥದ್ದು. ಕನೆಕ್ಟರಿನ ಸುತ್ತ ಇರಬೇಕಾದ ರಬ್ಬರ್ ಬಳೆ ಒಂದು ಕಡೆ ಹರಿದಿತ್ತು, ಯಾರೋ ಯಾವಾಗಲೋ ಅದನ್ನು ಮಡಚಿ ಕೂರಿಸಿದ್ದಾರೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿ, ಒಣಗಿಸಿ, ಮೀಟರ್ ಇಟ್ಟೆ. ಹೆಂಡತಿ ಒಳಗೆ ಕುಳಿತು ಲಿವರ್ ಒಂದೊಂದೇ ಬದಲಾಯಿಸಿದಳು.

"ಪಿಯಲ್ಲಿದೆ, ನೋಡಿ."

ಮೀಟರ್ ಬೀಪ್ ಇಲ್ಲ.

"ಸ್ವಲ್ಪ ಅಲ್ಲಾಡಿಸು."

ಬೀಪ್ ಬಂತು, ಹೋಯಿತು. ಆರ್, ಎನ್, ಡಿ ಎಲ್ಲ ಸರಿ. ಪಿ ಮಾತ್ರ ಅಲ್ಲಾಡಿಸಿದರೆ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಅಂದರೆ ನೀರು ಕನೆಕ್ಟರಿನಲ್ಲಿ ನಿಲ್ಲದೆ ಸ್ವಿಚ್ಚಿನ ಒಳಗೂ ಇಳಿದಿದೆ. ಹೊಸದು ಮಂಗಳೂರಿನಿಂದ ತರಿಸಿದೆ, 4,600 ರೂಪಾಯಿ. ಕೂರಿಸುವಾಗ ಒಂದು ಎಚ್ಚರ ಬೇಕು. ಗೇರ್ ಎನ್‌ನಲ್ಲಿ ಇರಬೇಕು. ಸ್ವಿಚ್ಚಿನ ಮೇಲಿನ ಗೆರೆ ಮತ್ತು ನಡುವಿನ ತೋಡು ಒಂದೇ ಸಾಲಿಗೆ ಬಂದ ಮೇಲೆಯೇ ಎರಡು ಬೋಲ್ಟ್ ಬಿಗಿಯಬೇಕು. ಸ್ವಲ್ಪ ಓರೆಯಾದರೆ ಹೊಸ ಸ್ವಿಚ್ಚೂ ಹಳೆಯದರ ಹಾಗೆಯೇ ವರ್ತಿಸುತ್ತದೆ.

ಅದೇ ದಿನ ಅರ್ಥ್ ಕೂಡ ನೋಡಿದೆ. ಮೀಟರಿನ ಒಂದು ಮೊನೆ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಗೇರ್‌ಬಾಕ್ಸಿನ ಮೈಗೆ ಇಟ್ಟು ಸ್ಟಾರ್ಟ್ ಮಾಡಿಸಿದರೆ 0.6 ವೋಲ್ಟ್ ತೋರಿಸಿತು. 0.2ರ ಒಳಗೆ ಇರಬೇಕು. ಉಪ್ಪು ಗಾಳಿಯ ಊರು ನಮ್ಮದು, ಅರ್ಥ್ ವಯರಿನ ಬೋಲ್ಟು ತುಕ್ಕು ಹಿಡಿದಿತ್ತು. ಉಜ್ಜಿ ಬಿಗಿದ ಮೇಲೆ 0.1ಕ್ಕೆ ಬಂತು. ಅದಕ್ಕೆ ಖರ್ಚು ಏನೂ ಇಲ್ಲ.

ಉಳಿದದ್ದು ನಡುಕ. ಇದಕ್ಕೆ ಕುಂಬಳೆಯ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕೇಳಿದೆ. ನಾವೆಲ್ಲ ಅವರನ್ನು ಇಚ್ಚ ಅಂತಲೇ ಕರೆಯುವುದು.

"ಇಚ್ಚಾ, ಇದು ಎಂಜಿನ್ ಮಿಸ್ ಹೊಡೆಯುವುದಾ, ಗೇರ್‌ಬಾಕ್ಸಾ, ಹೇಗೆ ಗೊತ್ತು ಮಾಡುವುದು?"

"ನಡುಗುವಾಗ ಆಕ್ಸಿಲರೇಟರ್ ಬಿಡಬೇಡಿ. ಎಡಗಾಲಿನಲ್ಲಿ ಬ್ರೇಕನ್ನು ಸುಮ್ನೆ ಮುಟ್ಟಿ, ಲೈಟ್ ಉರಿಯುವಷ್ಟು. ನಡುಕ ನಿಂತರೆ ಕನ್ವರ್ಟರಿನ ಲಾಕ್. ನಿಲ್ಲದಿದ್ದರೆ ಪ್ಲಗ್, ಕಾಯಿಲ್ ನೋಡಿ."

60ರ ಹತ್ತಿರ ಕನ್ವರ್ಟರಿನೊಳಗೆ ಒಂದು ಕ್ಲಚ್ ಕಚ್ಚಿ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರ ಜೋಡಿಸುತ್ತದೆ. ಬ್ರೇಕ್ ಮುಟ್ಟಿದ ಕೂಡಲೇ ಕಂಪ್ಯೂಟರ್ ಅದನ್ನು ಬಿಡಿಸುತ್ತದೆ. ಹಿಂದೆ ಗಾಡಿ ಇಲ್ಲದಾಗ ಉಪ್ಪಳದ ಆಚೆ ಹೈವೇಯಲ್ಲಿ ಮಾಡಿ ನೋಡಿದೆ. ಬ್ರೇಕ್ ಮುಟ್ಟಿದೆ, ನಡುಕ ನಿಂತಿತು. ಬಿಟ್ಟೆ, ಮತ್ತೆ ಬಂತು. ಆಯಿಲ್ ಹಳತಾದರೆ ಆ ಕ್ಲಚ್ ನುಣುಪಾಗಿ ಕಚ್ಚದೆ ಜಾರಿ ಜಾರಿ ಹಿಡಿಯುತ್ತದೆ. ಬ್ರೇಕ್ ಒತ್ತಿ ಫುಲ್ ಆಕ್ಸಿಲರೇಟರ್ ಕೊಡುವ ಸ್ಟಾಲ್ ಟೆಸ್ಟ್ ಅಂತ ಒಂದಿದೆ. ಹಳೇ ಗೇರ್‌ಬಾಕ್ಸಿಗೆ ಅದು ಬೇಡ ಅಂದರು ಇಚ್ಚ. ನಾನೂ ಮಾಡಲಿಲ್ಲ.

ಆಯಿಲ್ ಪೂರ್ತಿ ಬದಲಾಯಿಸಲು ಹೊರಟೆ. ಅಂಗಡಿಯವರು ಎಲ್ಲಾ ಆಟೋಮ್ಯಾಟಿಕ್‌ಗೂ ಇದೇ ಅಂತ ಕೊಟ್ಟ ಡಬ್ಬದ ಮೇಲೆ ಸಿವಿಟಿ ಅಂತ ಇತ್ತು. ವಾಪಸ್ ಕೊಟ್ಟೆ. ವ್ಯಾನಿನ ಪುಸ್ತಕದಲ್ಲಿ ಬರೆದ ನಮೂನೆಯೇ ಬೇಕು. ಇದರಲ್ಲಿ ಹೊಂದಿಸಿಕೊಳ್ಳುವ ಮಾತೇ ಇಲ್ಲ.

ಜ್ಯಾಕ್ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ. ಮುರಕಲ್ಲು ಕೂಡ ಇಡಬೇಡಿ, ಭಾರಕ್ಕೆ ಅದು ಪುಡಿಯಾಗುತ್ತದೆ. ನಾನು ನಾಲ್ಕು ಸ್ಟ್ಯಾಂಡ್ ತಂದು ಶೆಡ್ಡಿನಲ್ಲಿ ಎತ್ತಿದೆ. ಆಯಿಲ್ ಇಳಿಸುವ ಬೋಲ್ಟ್ ಬಿಚ್ಚಿ ಬಕೆಟಿಗೆ ಇಳಿಸಿ, ಗುರುತು ಹಾಕಿದ ಬಾಟಲಿಯಲ್ಲಿ ಅಳೆದೆ. 2.8 ಲೀಟರ್ ಬಂತು. ಒಟ್ಟು ಹಿಡಿಯುವುದು 5.8. ಉಳಿದ 3 ಲೀಟರ್ ಹೆಚ್ಚಾಗಿ ಕನ್ವರ್ಟರಿನೊಳಗೆ ಇರುತ್ತದೆ, ಸುಮ್ಮನೆ ಬಿಚ್ಚಿದರೆ ಇಳಿಯುವುದಿಲ್ಲ.

ಗೇರ್‌ಬಾಕ್ಸಿನ ಅಡಿಯ ಆಯಿಲ್ ತಟ್ಟೆ, ಅಂದರೆ ಪ್ಯಾನ್, ಬಿಚ್ಚುವಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಗೇರ್‌ಬಾಕ್ಸ್ ನಿಜವಾಗಿ ಹೋಗಿದೆಯಾ ಇಲ್ಲವಾ ಅನ್ನುವುದು ಗೊತ್ತಾಗುವುದು ಅಲ್ಲಿಯೇ. ಪ್ಯಾನಿನ ತಳದಲ್ಲಿ ಅಯಸ್ಕಾಂತದ ಬಿಲ್ಲೆಗಳಿರುತ್ತವೆ. ಅವುಗಳ ಮೇಲೆ ಬೂದು ಬಣ್ಣದ ಮೆತ್ತನೆ ಪದರ ಕೂತಿತ್ತು. ಎರಡು ಬೆರಳಲ್ಲಿ ತೆಗೆದು ಉಜ್ಜಿದೆ. ಕಾಡಿಗೆಯ ಹಾಗೆ ನುಣ್ಣಗೆ, ಎಲ್ಲಿಯೂ ತರಿ ಇಲ್ಲ. ಬೆಳಕಿಗೆ ಹಿಡಿದರೆ ಹೊಳೆಯುವ ಚೂರಿಲ್ಲ. ಕ್ಲಚ್ ಪ್ಲೇಟಿನ ಕಪ್ಪು ತುಣುಕೂ ಇಲ್ಲ. ಅದು ವರ್ಷಗಳ ಸಹಜ ಸವೆತ. ಕಬ್ಬಿಣದ ಸಿಬಿರು ಸಿಕ್ಕಿದ್ದರೆ ಅಲ್ಲಿಗೇ ಕೈಬಿಟ್ಟು, ಆ ದೊಡ್ಡ ಮೊತ್ತಕ್ಕೆ ದಾರಿ ಹುಡುಕುತ್ತಿದ್ದೆ. ಹೆಂಡತಿಯನ್ನು ಕರೆದು ಬೆರಳು ತೋರಿಸಿದೆ. ಅವಳೂ ಉಜ್ಜಿ ನೋಡಿದಳು.

ಬಿಲ್ಲೆ ಒರೆಸಿ, ಆಯಿಲ್ ಸೋಸುವ ಹೊಸ ಸ್ಟ್ರೇನರ್, ಪ್ಯಾನಿನ ಹೊಸ ಗ್ಯಾಸ್ಕೆಟ್ ಹಾಕಿದೆ. ಎರಡಕ್ಕೂ 2,900 ರೂಪಾಯಿ. ಪ್ಯಾನಿನ ಬೋಲ್ಟಿಗೆ ಬಿಗಿ ಬಹಳ ಕಮ್ಮಿ ಸಾಕು, ಪುಸ್ತಕದಲ್ಲಿ 7 ನ್ಯೂಟನ್ ಮೀಟರ್ ಅಂತಿತ್ತು. ಎದುರು ಬದುರು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬಂದೆ. ಜಾಸ್ತಿ ಬಿಗಿದರೆ ಪ್ಯಾನ್ ಬಾಗಿ ಅಲ್ಲಿಂದಲೇ ಸೋರುತ್ತದೆ. ಇಳಿದಷ್ಟೇ ಅಳೆದು ತುಂಬಿಸಿ, ಬಿಸಿ ಮಾಡಿ ಡಿಪ್‌ಸ್ಟಿಕ್ ನೋಡಿದೆ. ಜಾಸ್ತಿ ತುಂಬಿಸುವುದೂ ತಪ್ಪು, ನೊರೆ ಬಂದು ಪ್ರೆಶರ್ ಬೀಳುತ್ತದೆ.

ನೂರೈವತ್ತು ಕಿಲೋಮೀಟರ್ ಓಡಿಸಿ ಎರಡನೇ ಸಲ, ಮತ್ತೆ ಅಷ್ಟೇ ಓಡಿಸಿ ಮೂರನೇ ಸಲ ಇಳಿಸಿ ತುಂಬಿಸಿದೆ. ಒಂದೊಂದು ಸಲಕ್ಕೂ ಹಳತು ಹತ್ತಿರ ಹತ್ತಿರ ಅರ್ಧವಾಗುತ್ತಾ, ಕೊನೆಗೆ ಎಂಟನೇ ಒಂದು ಭಾಗದಷ್ಟು ಉಳಿಯುತ್ತದೆ. ಮೆಷಿನಿನಲ್ಲಿ ಒಂದೇ ಸಲ ಫ್ಲಶ್ ಮಾಡುವವರಿದ್ದಾರೆ. ಇಷ್ಟು ವರ್ಷ ಮುಟ್ಟದ ಗೇರ್‌ಬಾಕ್ಸಿನಲ್ಲಿ ಕೂತ ಕೊಳೆಯನ್ನು ಒಮ್ಮೆಲೇ ಎಬ್ಬಿಸಲು ನನಗೆ ಧೈರ್ಯ ಬರಲಿಲ್ಲ. ಒಟ್ಟು 9 ಲೀಟರ್ ಆಯಿಲಿಗೆ 6,300 ರೂಪಾಯಿ. ಇಳಿಸಿದ್ದನ್ನು ಕ್ಯಾನಿಗೆ ತುಂಬಿಸಿ ಇಚ್ಚನ ಗ್ಯಾರೇಜಿನ ವೇಸ್ಟ್ ಆಯಿಲ್ ಡ್ರಮ್ಮಿಗೆ ಕೊಟ್ಟೆ. ತೋಟದ ಬದಿಗೆ ಚೆಲ್ಲಿದರೆ ಅದು ಕೆಳಗಿನ ಬಾವಿಗೇ ಹೋಗುವುದು.

ಮೊದಲ ಸಲಕ್ಕೇ ನಡುಕ ಅರ್ಧ ಇಳಿಯಿತು. ಮೂರನೆಯದಾದ ಮೇಲೆ ಅಮ್ಮನನ್ನು ಕೂರಿಸಿ ಮಂಗಳೂರಿಗೆ ಹೋದೆ. ಮಂಜೇಶ್ವರ ದಾಟಿದ್ದೂ ಅವರಿಗೆ ಗೊತ್ತಾಗಲಿಲ್ಲ, ನಿದ್ದೆ ಮಾಡಿದ್ದರು. ಪೂರ್ತಿ ಹೋಯಿತು ಅಂತ ಹೇಳುವುದಿಲ್ಲ. ವ್ಯಾನು ತುಂಬಿ, ಬಿಸಿಲಿನಲ್ಲಿ ಅಡ್ಕಸ್ಥಳದಿಂದ ಸಾರಡ್ಕದ ಕಡೆ ಹತ್ತುವಾಗ ಒಮ್ಮೊಮ್ಮೆ ಸಣ್ಣಗೆ ಬರುತ್ತದೆ. ಕನ್ವರ್ಟರಿನ ಆ ಕ್ಲಚ್ಚನ್ನು ಕರೆಂಟಿನಲ್ಲಿ ಕಚ್ಚಿಸುವ ಲಾಕ್‌ಅಪ್ ಸಾಲಿನಾಯ್ಡ್ ಅಳೆದಿದ್ದೇನೆ, 12.8 ಓಮ್ ಇದೆ. ಪುಸ್ತಕದ ಪ್ರಕಾರ 11ರಿಂದ 15ರ ಒಳಗೆ ಇದ್ದರೆ ಸರಿ. ನಡುಕ ಜಾಸ್ತಿಯಾದರೆ ಮುಂದೆ ಅದರ ವಾಲ್ವನ್ನು ಬಿಚ್ಚಿ ನೋಡಬೇಕು.

ಸ್ಕ್ಯಾನರ್ ಸೇರಿ ನನಗಾದ ಖರ್ಚು 15,150 ರೂಪಾಯಿ, ಮೌಂಟ್ ಬೇರೆ. ಆಮೇಲೆ 11,000 ಕಿಲೋಮೀಟರ್ ಓಡಿದೆ, ಡ್ಯಾಶ್‌ಬೋರ್ಡಿನ ಅಕ್ಷರ ಒಮ್ಮೆಯೂ ಮಾಯವಾಗಿಲ್ಲ. ಈ ಸಲ ಮಳೆ ಶುರುವಾಗುವ ಮೊದಲು ಏರ್ ಫಿಲ್ಟರ್ ಡಬ್ಬ ತೆಗೆದು ಸ್ವಿಚ್ಚಿನ ಕನೆಕ್ಟರ್ ಬಿಚ್ಚಿ ನೋಡಿದೆ. ಒಣಗಿತ್ತು, ಪಿನ್ನುಗಳು ಹಳದಿಯಾಗಿಯೇ ಇದ್ದವು. ರಬ್ಬರ್ ಬಳೆಗೆ ಸ್ವಲ್ಪ ಸಿಲಿಕೋನ್ ಗ್ರೀಸ್ ಸವರಿ ವಾಪಸ್ ಕೂರಿಸಿದೆ.